ಗಂಡಸರಿಗೆ ಹೀಲ್ಸ್ ಹೊಲಿಯುವ ಹುಲಿಗೆಮ್ಮ

ಬೆಳಕು ಇನ್ನೂ ಕೋಟೆಯ ಬಂಡೆಗಳ ನೆತ್ತಿಯಲ್ಲೇ ಇದೆ, ರಸ್ತೆಗೆ ಇಳಿದಿಲ್ಲ. ಚಿತ್ರದುರ್ಗದ ಬಸ್ ನಿಲ್ದಾಣದ ಕಾಂಪೌಂಡಿಗೆ ಒರಗಿರುವ ಪೆಟ್ಟಿಗೆಯಂಗಡಿಯ ಮುಂದೆ ಹುಲಿಗೆಮ್ಮ ನೀರು ಚಿಮುಕಿಸಿ, ಗೋಣಿ ಹಾಸಿ, ಕಾಲು ಮಡಚಿ ಕೂತಿದ್ದಾರೆ. ಎಡಗೈಯಲ್ಲಿ ಕಪ್ಪು ಶೂ, ಬಲಗೈಯಲ್ಲಿ ಚರ್ಮ ಕೊಯ್ಯುವ ರಂಪಿಗೆ. ಶೂವಿನ ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟು ಎತ್ತರವಿದೆ. ಅದರ ಒಳಬದಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೆರೆಯುತ್ತಾರೆ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ, ಮತ್ತೆ ಹೆರೆಯುತ್ತಾರೆ.

ಚಪ್ಪಲಿ ಹೊಲಿಯುವ ಹೆಂಗಸೊಬ್ಬರಿದ್ದಾರೆ ಎಂದು ಕೇಳಿ, ಅಷ್ಟನ್ನೇ ಬರೆಯಲು ಬಂದವಳು ನಾನು. ಇಷ್ಟು ದೊಡ್ಡ ಪಾದ ಯಾವ ಹೆಂಗಸಿನದು ಎಂದು ಮಾತಿಗೆ ಮಾತು ಸೇರಿಸುತ್ತೇನೆ.

"ಹೆಂಗಸಲ್ಲಮ್ಮ, ಗಂಡಸ್ರು," ಹುಲಿಗೆಮ್ಮ ತಲೆ ಎತ್ತುವುದಿಲ್ಲ. "ಹಿರಿಯೂರಿನೋರು. ಮೊಮ್ಮಕ್ಳನ್ನ ಕಂಡೋರು."

ನನ್ನ ಪೆನ್ನು ನಿಲ್ಲುತ್ತದೆ. ತಮಾಷೆ ಇರಬಹುದೆಂದು ಅವರ ಮುಖ ನೋಡುತ್ತೇನೆ. ಅವರು ದಾರಕ್ಕೆ ಮೇಣ ಹಚ್ಚುತ್ತಿದ್ದಾರೆ. ಅಂಥವರು ಇನ್ನೂ ಇದ್ದಾರೆ ಎನ್ನುತ್ತಾರೆ. ಒಬ್ಬರು ಮೇಷ್ಟ್ರು, ಒಬ್ಬರು ಕಚೇರಿ ಗುಮಾಸ್ತ. ಇನ್ನೊಬ್ಬರು ಜೋಗಿಮಟ್ಟಿ ರಸ್ತೆಯಲ್ಲಿ ಬೆಳಗಿನ ವಾಕಿಂಗಿಗೆಂದೇ ಹೊಲಿಸಿಕೊಂಡಿದ್ದಾರೆ. ನಾನೂ ದಿನಾ ಅದೇ ರಸ್ತೆಯಲ್ಲಿ ನಡೆಯುತ್ತೇನೆ. ಯಾರ ಕಾಲನ್ನೂ ಗಮನಿಸಿಲ್ಲ.

ಹುಲಿಗೆಮ್ಮನ ತವರು ಮಾರಿಕಣಿವೆ ಹತ್ತಿರದ ಹಳ್ಳಿ. ಅಪ್ಪ ಕುರಿ ಕಾಯುವವರಿಗೆ ಎಕ್ಕಡ ಹೊಲಿಯುತ್ತಿದ್ದರು. ಜಾಲಿಮುಳ್ಳು ಚುಚ್ಚಿದರೂ ದಾಟದಷ್ಟು ದಪ್ಪದ, ಪದರಪದರವಾಗಿ ಅಟ್ಟೆ ಕೂಡಿಸಿದ ಎಕ್ಕಡ. ಪದರ ಕೂಡಿಸುವ ವಿದ್ಯೆಯನ್ನು ಮಗಳು ಕಲಿತದ್ದು ಅಲ್ಲೇ. ಮದುವೆಯಾಗಿ ದುರ್ಗಕ್ಕೆ ಬಂದರು. ಗಂಡ ಹಾಲಸ್ವಾಮಿ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಕೂತರು. ಮೊದಮೊದಲು ಗಂಡಸರು ಕಾಲು ಕೊಡಲು ಹಿಂಜರಿದರಂತೆ. ಅಳತೆಗೆ ಹೆಂಗಸು ಕಾಲು ಮುಟ್ಟುವುದು ಹೇಗೆಂದು ಕೆಲವರು ನಿಂತ ಕಾಲಲ್ಲೇ ತಿರುಗಿ ಹೋದರು. ಇವರು ರಟ್ಟಿನ ತುಂಡು ಮುಂದಿಟ್ಟು, ಅದರ ಮೇಲೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯುವುದನ್ನು ಶುರು ಮಾಡಿದರು. ಮುಟ್ಟುವ ಪ್ರಶ್ನೆ ಮುಗಿಯಿತು.

ಹೀಲ್ಸ್ ಕೇಳಿಕೊಂಡು ಮೊದಲು ಬಂದವರು ಆ ಗುಮಾಸ್ತರೇ. ಹೆಂಡತಿಗೆಂದು ತಿಳಿದ ಹುಲಿಗೆಮ್ಮ ‘ಅಮ್ಮಾವರನ್ನು ಕರೆದುಕೊಂಡು ಬನ್ನಿ, ಅಳತೆ ಬೇಕು’ ಎಂದಿದ್ದಾರೆ. ಗುಮಾಸ್ತರು ಆಚೀಚೆ ನೋಡಿ ತಮ್ಮ ಪಾದವನ್ನೇ ರಟ್ಟಿನ ಮೇಲೆ ಇಟ್ಟಿದ್ದಾರೆ.

"ಎದೆ ಧಸಕ್ಕಂತು," ಎನ್ನುತ್ತಾರೆ ಹುಲಿಗೆಮ್ಮ. "ಕುಡ್ದು ಬಂದವ್ನಾ ಅಂತ ಮೂಸಿ ನೋಡ್ದೆ. ಅವತ್ತು ಉಣ್ಣಾಕೂ ಮನಸ್ಸಾಗ್ಲಿಲ್ಲ. ಆಮ್ಯಾಲೆ ಹೊಲ್ದು ಕೊಟ್ಟೆ. ಹಾಕ್ಕಂಡು ಎದ್ದು ನಿಂತ್ರು ನೋಡ್ರಿ, ಆ ಮುಖದಾಗೆ ಒಂದ್ ನಗು ಬಂತು. ಅದನ್ನ ನೋಡಿದ ಮ್ಯಾಲೆ ಇಲ್ಲ ಅನ್ನಾಕೆ ಬಾಯಿ ಬರಲ್ಲ."

ಪಕ್ಕದ ಟೀ ಅಂಗಡಿಯ ಶಿವು ಲೋಟ ಇಟ್ಟು ಹೋಗುವಾಗ, ಅಕ್ಕ ಗಿರಾಕಿಗಳಿಗೆ ಯೂರಿಯಾ ಹಾಕಿ ಬೆಳೆಸ್ತಾಳೆ ಮೇಡಂ, ಎಂದು ಕಿಚಾಯಿಸುತ್ತಾನೆ. ನಿನಗೆ ಹಾಕಿದ್ರೂ ದಂಡ ಬಿಡೋ ಎಂದು ಅವರು ನಗುತ್ತಾರೆ.

ಈ ಶೂ ಕಾಲಲ್ಲಿದ್ದಾಗ ಯಾರಿಗೂ ತಿಳಿಯುವುದಿಲ್ಲ. ಹಿಮ್ಮಡಿಯ ತಳಕ್ಕೆ ಟೈರಿನ ರಬ್ಬರ್ ಇರುವುದರಿಂದ ಟಕಟಕ ಸದ್ದಿಲ್ಲ. ಪ್ಯಾಂಟಿನ ಅಂಚು ಒಂದಿಷ್ಟು ಇಳಿಬಿಡಿಸಿಕೊಂಡರೆ ಕಾಣುವುದು ಶೂವಿನ ಮೂತಿ ಮಾತ್ರ. ಆದರೆ ಬಿಚ್ಚಿಟ್ಟರೆ ಮುಗಿಯಿತು. ನಮ್ಮಲ್ಲಿ ಮನೆ, ಮಠ, ಗುಡಿ ಎಲ್ಲಿಗೆ ಹೋದರೂ ಚಪ್ಪಲಿ ಹೊಸ್ತಿಲಾಚೆ. ಪ್ಯಾಂಟು ಒಳಗೆ ಹೋಗುತ್ತದೆ, ಹೀಲ್ಸ್ ಬಿಸಿಲಲ್ಲಿ ನಿಲ್ಲುತ್ತದೆ. ಅದಕ್ಕೇ ಹುಲಿಗೆಮ್ಮ ಪ್ರತಿಯೊಬ್ಬರಿಗೂ ಹೇಳುವ ಮಾತೊಂದಿದೆ: ಸಂತೆಗೆ ಹಾಕಿಕೊಳ್ಳಿ, ಆಫೀಸಿಗೆ ಹಾಕಿಕೊಳ್ಳಿ, ಬಿಚ್ಚುವ ಕಡೆಗೆ ಹಾಕಿಕೊಂಡು ಹೋಗಬೇಡಿ.

ಹಾಗೆ ಹೇಳಿಸಿಕೊಂಡಿದ್ದವರೊಬ್ಬರು ಈಗ ಬಟ್ಟೆ ಚೀಲ ಹಿಡಿದು ಬರುತ್ತಿದ್ದಾರೆ. ಹೊಳಲ್ಕೆರೆಯಿಂದ ಬಂದ ಬಸ್ಸಿನಿಂದ ಇಳಿದವರು. ಕಾಲಲ್ಲಿ ಹವಾಯಿ ಚಪ್ಪಲಿ. ಅವರನ್ನು ಮಲ್ಲೇಶ್ ಎಂದು ಕರೆಯುತ್ತೇನೆ. ಅವರದೂ ಮನೆಯವರದೂ ಹೆಸರು ಬದಲಿಸಿದ್ದೇನೆ. ಇದನ್ನು ಬರೆಯಲೇ ಎಂದು ಎರಡು ಸಲ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಗೊಬ್ಬರದ ಅಂಗಡಿಯಲ್ಲಿ ಕೆಲಸ, ನಲವತ್ತರ ಆಸುಪಾಸು. ಇವರು ನನಗಿಂತ ಒಂದು ಗೇಣು ಎತ್ತರವಿರುವುದು ನನ್ನನ್ನು ಮತ್ತೆ ಗೊಂದಲಕ್ಕೆ ತಳ್ಳುತ್ತದೆ. ಕುಳ್ಳಗಿರುವವರು ಎತ್ತರ ಕಾಣಲೆಂದು ಹಾಕುತ್ತಾರೆ ಎಂದು ಅಷ್ಟು ಹೊತ್ತಿಗೆ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ.

"ಉದ್ದಕ್ಕಲ್ಲ ಮೇಡಂ," ಮಲ್ಲೇಶ್ ನೆಲ ನೋಡುತ್ತ ಹೇಳುತ್ತಾರೆ. "ಹಾಕ್ಕಂಡು ನಡೆಯಾದು ನಂಗೆ ಇಷ್ಟ. ಅಷ್ಟೇಯ."

ಚೀಲದಿಂದ ಕಂದು ಬಣ್ಣದ ಶೂ ಜೋಡಿ ತೆಗೆದು ಗೋಣಿಯ ಮೇಲಿಡುತ್ತಾರೆ. ಎರಡರ ಮೇಲೂ ಹಗ್ಗ ಬಿಗಿದ ಗೀರಿದೆ. "ಹೀಲ್ಸ್ ಕೊಯ್ದು ಕೊಡಕ್ಕ," ಎನ್ನುತ್ತಾರೆ.

ಹುಲಿಗೆಮ್ಮನ ಕೈ ಗೀರಿನ ಮೇಲೆ ಆಡುತ್ತದೆ. ಇದೇನಾಯ್ತು ಎಂದು ಕೇಳುತ್ತಾರೆ. ಮಲ್ಲೇಶ್ ತುಂಡುತುಂಡಾಗಿ ಹೇಳುತ್ತಾರೆ. ಹೊಸದುರ್ಗದಲ್ಲಿ ಅಣ್ಣ ತಿಪ್ಪೇರುದ್ರಪ್ಪ ಹೊಸ ಮನೆ ಕಟ್ಟಿದ್ದಾರೆ. ಗೃಹಪ್ರವೇಶದ ದಿನ ಇವರು ಈ ಶೂ ಹಾಕಿಕೊಂಡೇ ಹೋಗಿದ್ದಾರೆ, ಎಲ್ಲರಂತೆ ಹೊಸ್ತಿಲಾಚೆ ಬಿಚ್ಚಿ ಒಳಗೆ ನಡೆದಿದ್ದಾರೆ. ಹುಲಿಗೆಮ್ಮ ಹೇಳಿದ್ದು ನೆನಪಿರಲಿಲ್ಲವೇ ಎನ್ನುತ್ತೇನೆ. ಎರಡು ವರ್ಷ ಹಾಕಿ ಹಾಕಿ ಅದು ಹೀಲ್ಸ್ ಅನ್ನುವುದೇ ಮರೆತುಹೋಗಿತ್ತಂತೆ, ಬರೀ ತಮ್ಮ ಶೂ ಆಗಿತ್ತಂತೆ.

ಊಟ ಮುಗಿಸಿ ಹೊರಗೆ ಬಂದರೆ ಶೂ ಇಲ್ಲ. ಜನ ನಗುತ್ತಿದ್ದಾರೆ, ಫೋನ್ ಎತ್ತಿ ಹಿಡಿದಿದ್ದಾರೆ. ಅವರೆಲ್ಲ ನೋಡುತ್ತಿದ್ದ ಕಡೆ ನೋಡಿದರೆ, ಬಾಗಿಲ ಮೇಲೆ ದೃಷ್ಟಿಗೆ ಕಟ್ಟಿದ ಬೂದುಗುಂಬಳದ ಪಕ್ಕ ಹಗ್ಗದಲ್ಲಿ ನೇತಾಡುತ್ತಿವೆ. ಹೊಸ ಮನೆಗೆ ಕಣ್ಣು ಬೀಳದಿರಲೆಂದು ಸವೆದ ಎಕ್ಕಡ ಕಟ್ಟುವುದುಂಟಲ್ಲ, ಆ ಜಾಗದಲ್ಲಿ. ಯಾರೋ ನೆಂಟರು ದೊಡ್ಡ ದನಿಯಲ್ಲಿ ಅಂದದ್ದನ್ನು ಮಲ್ಲೇಶ್ ಹಾಗೇ ಒಪ್ಪಿಸುತ್ತಾರೆ: "ಈ ಮನೆಗೆ ಇನ್ಯಾವ ದೃಷ್ಟೀನೂ ತಾಗಲ್ಲ ಬಿಡ್ರಲೇ. ಬಂದ ದೆವ್ವ ಇದ್ನ ನೋಡಿ ನಕ್ಕಂಡು ವಾಪಸ್ ಹೋಗ್ತೈತೆ."

ಅವರ ತಾಯಿ ವೀರಮ್ಮ ಒಳಗಿನಿಂದ ಎಲ್ಲವನ್ನೂ ನೋಡುತ್ತ ನಿಂತಿದ್ದರು. ಮಲ್ಲೇಶ್ ಬರಿಗಾಲಲ್ಲಿ ರಸ್ತೆಗೆ ನಡೆದರು. ಕುರ್ಚಿ ಎಳೆದು ಹತ್ತಿ ಹಗ್ಗ ಬಿಚ್ಚಿದವರು ಹೆಂಡತಿ ಉಷಾ. ಹೊಲಿಸುವಾಗ ಕಂದು ಬಣ್ಣ ಆರಿಸಿದವರೂ ಅವರೇ.

ಮಲ್ಲೇಶ್ ಫೋನಿನಲ್ಲಿ ಯಾರೋ ಕಳಿಸಿದ, ಶೂ ನೇತಾಡುವ ಫೋಟೋ ಇದೆ. ಹುಲಿಗೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾರೆ. ಅವರ ಬಾಯಿ ಅರ್ಧ ತೆರೆದೇ ಇರುತ್ತದೆ.

ಅಣ್ಣ ಫೋನ್ ಮಾಡಿ ಹೇಳಿದ್ದಾರೆ: ಹೀಲ್ಸ್ ಕೊಯ್ಸಿ ತಂದು ಅವ್ವನ ಮುಂದೆ ಇಡು, ಅಲ್ಲೀತನಕ ಈ ಕಡೆ ಬರಬೇಡ. ವೀರಮ್ಮ ಇರುವುದು ಅಣ್ಣನ ಮನೆಯಲ್ಲಿ. ಪ್ರತಿ ಸೋಮವಾರ ಅಂಗಡಿಗೆ ರಜೆ, ಮಲ್ಲೇಶ್ ತಾಯಿಯ ಹತ್ತಿರ ಹೋಗಿ ಕೂತು, ತಲೆಗೆ ಎಣ್ಣೆ ಹಚ್ಚಿ ಬರುತ್ತಾರೆ. ಹೋದ ಸೋಮವಾರ ಹೋಗಿಲ್ಲ. ಇವತ್ತು ಸೋಮವಾರ.

ಹುಲಿಗೆಮ್ಮ ರಂಪಿಗೆಯನ್ನು ಕಲ್ಲಿಗೆ ಉಜ್ಜುತ್ತಾರೆ. "ಕೊಯ್ತೀನಣ್ಣ. ನಿಮ್ಮ ವಸ್ತು, ನಿಮ್ಮಿಷ್ಟ," ಎನ್ನುತ್ತಾರೆ. "ಹಗ್ಗ ಬಿಗ್ದು ಹೊಲಿಗೆ ಎಳ್ದಿರ್ತೈತೆ. ಒಂದ್ಸಲ ಹಾಕ್ಕಂಡು ಆ ಗೇಟಿನ ತಂಕ ಹೋಗಿ ಬರ್ರಿ. ಎಲ್ಲಿ ಸಡ್ಲಾಗೈತೆ ನೋಡ್ತೀನಿ."

ಮಲ್ಲೇಶ್ ಹಾಕಿಕೊಳ್ಳುತ್ತಾರೆ. ಇವತ್ತಿನ ಪ್ಯಾಂಟು ಗಿಡ್ಡ, ಅಂಚು ಇಳಿಬಿಟ್ಟದ್ದಲ್ಲ. ಹೀಲ್ಸ್ ಪೂರ್ತಿ ಕಾಣುತ್ತದೆ. ಈಗ ಬಿಸಿಲು ರಸ್ತೆಗೆ ಇಳಿದಿದೆ, ಕಾಲೇಜು ಹುಡುಗಿಯರು ಬಸ್ಸಿಗೆ ನಿಂತಿದ್ದಾರೆ, ಆಟೋಗಳು ಸಾಲಾಗಿವೆ. ಯಾರಾದರೂ ನಗುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ಒಬ್ಬ ಹುಡುಗಿ ಕಾಲು ನೋಡುತ್ತಾಳೆ, ಮುಖ ನೋಡುತ್ತಾಳೆ, ಗೆಳತಿಯನ್ನು ತಿವಿಯುತ್ತಾಳೆ. ಮಲ್ಲೇಶ್ ನಡೆಯುತ್ತಲೇ ಇದ್ದಾರೆ. ಬೆನ್ನು ನೆಟ್ಟಗಾಗುವುದು ಇಲ್ಲಿಂದಲೇ ಕಾಣುತ್ತದೆ.

ಗೇಟಿನ ಬಳಿ ಕಂಬಳಿ ಹೊದ್ದ ಕುರಿಗಾಹಿ ಅಜ್ಜ ಕುಕ್ಕರಗಾಲಲ್ಲಿ ಕೂತಿದ್ದಾನೆ. ಅವನ ಕಣ್ಣಿಗೆ ನೇರ ಬೀಳುವುದು ಕಾಲುಗಳೇ. ಮಲ್ಲೇಶರನ್ನು ನಿಲ್ಲಿಸುತ್ತಾನೆ. ಅಜ್ಜ ಬಗ್ಗಿ, ಹಿಮ್ಮಡಿಯ ಪದರಗಳ ಮೇಲೆ ಬೆರಳಾಡಿಸಿ ಏನೋ ಕೇಳುತ್ತಾನೆ. ಮಲ್ಲೇಶ್ ತಿರುಗಿ, ಅಷ್ಟು ಜನರ ನಡುವೆ ಕೈ ಎತ್ತಿ, ಹುಲಿಗೆಮ್ಮನನ್ನು ತೋರಿಸುತ್ತಾರೆ.

ವಾಪಸು ಬಂದವರು ಗೋಣಿಯ ಮೇಲೆ ಕೂರುವುದಿಲ್ಲ. ಯಾರು ಹೊಲಿದದ್ದೆಂದು ಅಜ್ಜ ಕೇಳಿದ, ಅಷ್ಟೇ ಎನ್ನುತ್ತಾರೆ.

"ಕೊಯ್ಯಾದು ಬ್ಯಾಡಕ್ಕ," ಎಂದು ಹವಾಯಿಯನ್ನು ಚೀಲಕ್ಕೆ ತುರುಕುತ್ತಾರೆ. "ಹೊಸ್ದುರ್ಗಕ್ಕೆ ಹೋಗ್ತೀನಿ. ಹೊಸ್ತಿಲಾಚೆ ಇದ್ನೇ ಬಿಚ್ಚಿಡ್ತೀನಿ. ಅವ್ವ ಒಳಗೆ ಕರದ್ರೆ ಹೋಗ್ತೀನಿ, ಇಲ್ಲಂದ್ರೆ ಬಾಗ್ಲಾಗೇ ಕುಂತ್ಕಂಡು ಎಣ್ಣೆ ಹಚ್ತೀನಿ."

ಹುಲಿಗೆಮ್ಮ ಅವರನ್ನು ಮತ್ತೆ ಕೂರಿಸಿ, ಹಗ್ಗದ ಗೀರಿಗೆ ಪಾಲಿಷ್ ತಿಕ್ಕಿ, ಬಿಚ್ಚಿಕೊಂಡಿದ್ದ ಒಂದು ಹೊಲಿಗೆ ಬಿಗಿದು ಕಳಿಸುತ್ತಾರೆ. ಬಸ್ಸು ಗೇಟು ದಾಟುವವರೆಗೂ ಇಬ್ಬರೂ ಅತ್ತಲೇ ನೋಡುತ್ತೇವೆ. ಅಣ್ಣ ಏನು ಮಾಡಬಹುದು ಎಂದು ಕೇಳುತ್ತೇನೆ.

"ಅವ್ರು ಒಳಗೆ ಬಿಡ್ಲಿ, ಬಿಡ್ದೇ ಇರ್ಲಿ. ಆದ್ರೆ ಆ ಮನೇರು ಒಬ್ರಾದ್ರೂ ಅದನ್ನ ಕೈಯಾಗೆ ಹಿಡ್ದು ತಿರುಗ್ಸಿ ನೋಡ್ಲಿ ಅಂತ ಆಸೆ ಕಣಮ್ಮ," ಎನ್ನುತ್ತಾರೆ ಹುಲಿಗೆಮ್ಮ, ದಾರ ಹಲ್ಲಲ್ಲಿ ಕಡಿಯುತ್ತ. "ದೃಷ್ಟಿಗೆ ಕಟ್ಟಾದು ಸವ್ದೋಗಿರೋ ಎಕ್ಕಡನ. ನಾ ಹೊಲ್ದಿದ್ದು ಇನ್ನೂ ಸವ್ದಿಲ್ಲ."