ಪಿಕಪ್ ಕೆಸರಿನಿಂದ ಎದ್ದ ಭಾನುವಾರ

ನಮ್ಮ ಪಿಕಪ್ಪಿನಲ್ಲಿ ಗೇರಿನ ಪಕ್ಕಕ್ಕೆ ಇನ್ನೊಂದು ಗಿಡ್ಡ ಲಿವರ್ ಇದೆ. ಅದನ್ನು ಎಳೆದರೆ ಎಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಮಾತ್ರವಲ್ಲ, ಮುಂದಿನವಕ್ಕೂ ಹೋಗುತ್ತದೆ. ಗಾಡಿ ಕೊಂಡು ಎರಡು ಮಳೆಗಾಲ ಕಳೆದರೂ ನಾವು ಅದನ್ನು ಮುಟ್ಟಿರಲಿಲ್ಲ. ನಾವಿರುವ ಕೊಂಢವಾ ಬಡಾವಣೆಯ ಡಾಂಬರು ರಸ್ತೆಗಳಲ್ಲಿ ಅದರ ಅಗತ್ಯವಾದರೂ ಏನು? ನನ್ನ ಗಂಡ ಸೆಂಟ್ರಿಂಗ್ ಕೆಲಸ ಹಿಡಿಯುವವರು. ಸ್ಲ್ಯಾಬ್ ಹಾಕುವ ಮುಂಚೆ ಅದರಡಿಗೆ ಹಲಗೆ, ತಗಡು, ಕಂಬ ನಿಲ್ಲಿಸಿ ಕೊಡುವ ಕೆಲಸ. ಆ ಹಲಗೆಗಳನ್ನು ಹೊತ್ತು ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಿರುಗುವುದೇ ಗಾಡಿಯ ಬಾಳಾಗಿತ್ತು. ಊರಿಗೆ ಹೋದ ಡ್ರೈವರ್ ತಿರುಗಿ ಬಾರದಿದ್ದಾಗ ಸ್ಟೇರಿಂಗ್ ನನ್ನ ಕೈಗೆ ಬಂತು. ಸೈಟಿನ ಹಿಂದಿನ ಬಯಲಿನಲ್ಲಿ ಕಲಿತೆ, ಲೈಸೆನ್ಸ್ ಮಾಡಿಸಿಕೊಂಡೆ. ಮೊದಮೊದಲು ಸಿಗ್ನಲ್ಲಿನಲ್ಲಿ ರಿಕ್ಷಾದವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಆಮೇಲೆ ಅವರಿಗೂ ರೂಢಿಯಾಯಿತು, ನನಗೂ.

ಆ ಗಿಡ್ಡ ಲಿವರಿನ ಮೇಲೆ ಕಣ್ಣಿಟ್ಟವರು ನಮ್ಮ ಗಾಡಿ ರಿಪೇರಿ ಮಾಡುವ ಗ್ಯಾರೇಜಿನ ಮಾಲೀಕರು. ಮರಾಠಿಯವರು, ದಪ್ಪ ಮೀಸೆ, ಮಾತಿಗಿಂತ ನಗುವೇ ಹೆಚ್ಚು. ಮಳೆಗಾಲ ಬಂತೆಂದರೆ ಭಾನುವಾರಗಳಲ್ಲಿ ಗೆಳೆಯರ ಜೊತೆ ಜೀಪು ತೆಗೆದುಕೊಂಡು ತಳೇಗಾಂವದ ಆಚೆಗಿನ ಗುಡ್ಡಗಳಲ್ಲಿ ರಸ್ತೆಯಿಲ್ಲದ ಕಡೆ ಓಡಿಸುವುದು ಅವರ ಹುಚ್ಚು. ಆಯಿಲ್ ಬದಲಿಸಲು ಹೋದಾಗಲೆಲ್ಲ, "ಹುಲಿಯನ್ನು ಹಿಡಿದು ತಂದು ಕಟ್ಟಿಗೆ ಹೊರಿಸ್ತಿದ್ದೀರಿ" ಎಂದು ಮರಾಠಿಯಲ್ಲಿ ಛೇಡಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ನನ್ನ ಗಂಡನಿಗೆ ಆ ಮಾತು ನಾಟಿತು.

"ಈ ಐತಾರ ಹೋಗೋಣೇನು?" ಎಂದರು ಊಟಕ್ಕೆ ಕೂತಾಗ.

ಕೈಯಲ್ಲಿದ್ದ ರೊಟ್ಟಿ ಬಿಟ್ಟು ನಾನು ಹೂಂ ಎಂದೆ. ನನಗೆ ಇನ್ನೊಮ್ಮೆ ಕೇಳುವ ಅಗತ್ಯವಿರಲಿಲ್ಲ.

ದಾರಿಯಲ್ಲಿ ತಳೇಗಾಂವದಲ್ಲಿ ನನ್ನ ನಾದಿನಿಯನ್ನು ಹತ್ತಿಸಿಕೊಂಡೆವು. ಅವಳು ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದಳು. ನಿದ್ದೆಗೆಟ್ಟ ಕಣ್ಣು, ಆದರೂ ಹೊಸ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದಳು. ಮೋಡ ಕವಿದ ದಿನಕ್ಕೆ ಅದೇಕೆಂದು ನಾನು ಕೇಳಲಿಲ್ಲ.

ಡಾಂಬರು ಮುಗಿದು ಎಮ್ಮೆ ತಿರುಗುವ ಹಾದಿ ಶುರುವಾಯಿತು. ನಾಲ್ಕು ಜೀಪುಗಳು ಮುಂದೆ, ನಾವು ಕೊನೆಗೆ. ಎರಡೂ ಕಡೆ ಭತ್ತದ ಗದ್ದೆ, ಎದುರಿಗೆ ಮಂಜು ಹೊದ್ದ ಗುಡ್ಡ. ಗುಡ್ಡದ ಬುಡದಲ್ಲಿ ಹಾದಿಯ ಅಡ್ಡಕ್ಕೆ ದೊಡ್ಡದೊಂದು ಕೆಸರಿನ ಮಡು. ಮೊದಲ ಜೀಪು ಎರಡೂ ಕಡೆ ಕೆಸರು ಚಿಮ್ಮಿಸುತ್ತ ದಾಟಿತು. ಎರಡನೆಯದು, ಮೂರನೆಯದು, ನಾಲ್ಕನೆಯದು ಕೂಡ. ಪ್ರತಿ ಸಲವೂ ಜನ ಕೇಕೆ ಹಾಕಿದರು. ಅಲ್ಲಿಯವರೆಗೆ ಗಾಡಿ ಹೊಡೆದುಕೊಂಡು ಬಂದಿದ್ದ ನನ್ನ ಗಂಡ ನಿಲ್ಲಿಸಿ ಕೆಳಗಿಳಿದರು.

"ನೀ ದಾಟಸು. ನಾ ವಿಡಿಯೋ ತಗೀತೀನಿ. ನಾನss ಹೊಡದ್ರ ತಗಿಯೋರು ಯಾರು?"

ನಾನು ಸೀಟು ಮುಂದಕ್ಕೆ ಎಳೆದು ಕೂತೆ. ಗಿಡ್ಡ ಲಿವರ್ ಎಳೆದೆ. ಕಟ್ ಎಂದಿತು. ಆ ಶಬ್ದ ಕೇಳಿಯೇ ಮೈ ಜುಂ ಎಂದಿತು. ನಾದಿನಿ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅರ್ಧದವರೆಗೆ ನಾನು ರಾಣಿಯ ಹಾಗೆ ಹೋದೆ. ಆಮೇಲೆ ಎಡಗಡೆಯ ಹಿಂದಿನ ಚಕ್ರ ಎಲ್ಲಿಗೋ ಇಳಿಯಿತು. ಗಾಡಿ ಓರೆಯಾಯಿತು. ನಾನು ಗಾಬರಿಯಲ್ಲಿ ಎಕ್ಸಿಲರೇಟರ್ ತುಳಿದೆ. ಎಂಜಿನ್ ಅಬ್ಬರಿಸಿತು, ಚಕ್ರಗಳು ಗಿರಗಿರ ತಿರುಗಿದವು, ಗಾಡಿ ಮಾತ್ರ ಮುಂದಕ್ಕಲ್ಲ, ಕೆಳಕ್ಕೆ ಹೋಗುತ್ತಿತ್ತು.

"ವಹಿನಿ, ಥಾಂಬಾ! ಥಾಂಬಾ!" ಎಂದು ಗ್ಯಾರೇಜಿನವರು ಆಚೆ ದಡದಿಂದ ಎರಡೂ ಕೈ ಎತ್ತಿ ನಿಲ್ಲಿಸಲು ಕೂಗಿದರು. ನಿಲ್ಲಿಸಿದೆ. ಬಾಗಿಲು ತೆರೆಯಲು ನೋಡಿದರೆ ಅಂಗೈಯಗಲ ತೆರೆದು ಕೆಸರಿಗೆ ತಾಗಿ ನಿಂತಿತು. ಆ ಸಂದಿಯಿಂದ ಕೆಸರು ಒಳಗೆ ಬಂದು ನನ್ನ ಚಪ್ಪಲಿಯ ಪಕ್ಕದಲ್ಲಿ ಹರಡಿಕೊಂಡಿತು.

"ವೈನಿ, ಈಗೇನ್ ಮಾಡೂದು?" ಎಂದಳು ನಾದಿನಿ. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮೊದಲು ಎಲ್ಲರೂ ಸೇರಿ ನೂಕಿದರು. ನನ್ನ ಗಂಡ ಒಂದು ಕೈಯಲ್ಲಿ ಫೋನ್ ಹಿಡಿದೇ ಇನ್ನೊಂದು ಕೈಯಲ್ಲಿ ನೂಕುತ್ತಿದ್ದರು. ನಾನು ಮೆಲ್ಲಗೆ ಕ್ಲಚ್ ಬಿಟ್ಟೆ. ಚಕ್ರ ಎಗರಿಸಿದ ಕೆಸರು ನೇರವಾಗಿ ಅವರ ಎದೆಗೆ ಬಿತ್ತು. ಅವರು ಜಾರಿ ಮಕಾಡೆ ಬಿದ್ದರು. ಕನ್ನಡಿಯಲ್ಲಿ ನನಗೆ ಕಂಡದ್ದು ಫೋನ್ ಹಿಡಿದು ಮೇಲೆತ್ತಿದ ಒಂದು ಕೈ ಮಾತ್ರ.

ಆಮೇಲೆ ಜೀಪಿಗೆ ಹಗ್ಗ ಕಟ್ಟಿ ಎಳೆಯುವುದೆಂದಾಯಿತು. ನಮ್ಮ ಗಾಡಿಯಲ್ಲಿ ಹಲಗೆ ಬಿಗಿಯುವ ನೈಲಾನ್ ಹಗ್ಗವಿತ್ತು, ಅದನ್ನೇ ಕಟ್ಟಿದರು. ಜೀಪು ಎಳೆದ ರಭಸಕ್ಕೆ ಹಗ್ಗ ಬಿಗಿಯಿತು, ಫಟ್ಟೆಂದು ಹರಿಯಿತು. ಹರಿದ ತುದಿ ಚಾಟಿಯಂತೆ ಹಿಂದಕ್ಕೆ ಬಂದು ನಮ್ಮ ಹೆಡ್‌ಲೈಟಿಗೆ ಹೊಡೆಯಿತು. ಗಾಜು ಚೂರುಚೂರು. ಅಲ್ಲಿ ಒಬ್ಬರು ನಿಂತಿದ್ದರೆ ಏನಾಗುತ್ತಿತ್ತೆಂದು ಎಲ್ಲರಿಗೂ ತಿಳಿಯಿತು. ಗ್ಯಾರೇಜಿನವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಗ್ಗದ ಹತ್ತಿರ ಯಾರೂ ನಿಲ್ಲಕೂಡದೆಂದು ಗದರಿಸಿ ಎಲ್ಲರನ್ನೂ ದೂರ ಕಳಿಸಿದರು. ತಮ್ಮ ಜೀಪಿನಿಂದ ಗಾಡಿ ಎಳೆಯಲೆಂದೇ ಇರುವ ಅಗಲ ಬೆಲ್ಟ್ ತಂದರು.

"ಬೆಲ್ಟಿನಿಂದಷ್ಟೇ ಆಗಲ್ಲ," ಎಂದರು. "ಚಕ್ರಕ್ಕೆ ಹಿಡಿತ ಬೇಕು."

ನನ್ನ ಗಂಡ ತೊಡೆಯ ತನಕ ಕೆಸರಲ್ಲಿ ನಿಂತು ಚಕ್ರವನ್ನೇ ನೋಡುತ್ತಿದ್ದರು. "ಇದು ಹಸೀ ಕಾಂಕ್ರೀಟ್ ಇದ್ದಂಗ ಅದ," ಎಂದರು ನನ್ನ ಕಡೆ ತಿರುಗಿ. "ಹಿಂದ ಹಲಗಿ ಅವ ಇಲ್ಲೇನು?"

ಇದ್ದವು. ಶನಿವಾರದ ಕೆಲಸದ ಹಲಗೆಗಳನ್ನು ಇಳಿಸದೆ ಹಾಗೇ ಬಂದಿದ್ದೆವು. ಹೊರಡುವಾಗ ಅದಕ್ಕೇ ನಾನು ಅವರನ್ನು ಬೈದಿದ್ದೆ.

ಆಮೇಲೆ ಶುರುವಾದದ್ದು ನಿಜವಾದ ಕೆಲಸ. ನಾನೂ ನಾದಿನಿಯೂ ಕಿಟಕಿಯಿಂದ ಹೊರಬಿದ್ದೆವು. ಅವಳ ಒಂದು ಚಪ್ಪಲಿಯನ್ನು ಕೆಸರು ನುಂಗಿತು. ಇನ್ನೊಂದನ್ನು ಅವಳೇ ದಡಕ್ಕೆ ಎಸೆದಳು. ಸಲಿಕೆಯಿಂದ ಚಕ್ರದ ಮುಂದಿನ ಕೆಸರು ಎತ್ತಿ ಹಾಕಿದೆವು. ಒಂದು ಸಲಿಕೆ ತೆಗೆದರೆ ಅರ್ಧ ಸಲಿಕೆಯಷ್ಟು ತಿರುಗಿ ಜಾರಿ ಬರುತ್ತಿತ್ತು. ಗ್ಯಾರೇಜಿನವರು ಟೈರುಗಳಿಂದ ಗಾಳಿ ಸ್ವಲ್ಪ ಬಿಟ್ಟರು. ಟೈರು ಅಗಲವಾಗಿ ಕೂತರೆ ಹಿಡಿತ ಹೆಚ್ಚಂತೆ. ಜಾಕ್ ಇಟ್ಟರೆ ಜಾಕೇ ಇಳಿಯಿತು. ಅದರಡಿಗೆ ಒಂದು ಹಲಗೆ ಹಾಕಿದೆವು, ಆಗ ನಿಂತಿತು. ಗಾಡಿ ಇಷ್ಟಿಷ್ಟೇ ಮೇಲೆದ್ದಂತೆ ನನ್ನ ಗಂಡ ಮೊಣಕಾಲೂರಿ ಚಕ್ರದಡಿಗೆ ಕಲ್ಲು ತುಂಬಿ ಮೇಲೆ ಹಲಗೆ ತಳ್ಳಿದರು. ಸೈಟಿನಲ್ಲಿ ಮಟ್ಟ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ತೆಗೆದು ಮತ್ತೆ ಇಟ್ಟರು. ಅಷ್ಟರಲ್ಲಿ ಮಳೆ ಜೋರಾಯಿತು. ಯಾರ ಮುಖ ಯಾವುದೆಂದು ಗುರುತು ಸಿಗದಷ್ಟು ಎಲ್ಲರೂ ಕೆಸರಾಗಿದ್ದೆವು. ಇಷ್ಟು ಖುಷಿಯಾಗಿ ನಾನು ಎಂದೂ ಮೈ ಹೊಲಸು ಮಾಡಿಕೊಂಡಿರಲಿಲ್ಲ.

ಎಲ್ಲ ತಯಾರಾದ ಮೇಲೆ ನನ್ನ ಗಂಡ ಕಿಟಕಿಗೆ ಕೈ ಹಾಕಿ ಹತ್ತಲು ಹೋದರು. ನಾನು ಅವರ ತೋಳು ಹಿಡಿದೆ.

"ಎಲ್ಲಿ ಹೊಂಟೀರಿ? ಸಿಗಿಸಿದಾಕಿ ನಾ. ತಗಿಯೂದೂ ನಾನss."

"ಏ, ಆಟ ಅಲ್ಲ ಇದು."

"ಆಟ ಅಂತನss ಬಂದೀವಲ್ರಿ!"

ನಾದಿನಿ ಆ ಹೊತ್ತಿಗೆ ಆಚೆ ಬದಿಯ ಕಿಟಕಿಯಿಂದ ಒಳಗೆ ತೂರಿ ತನ್ನ ಸೀಟಿನಲ್ಲಿ ಕೂತಾಗಿತ್ತು. ಕೂಲಿಂಗ್ ಗ್ಲಾಸನ್ನು ಲಂಗದಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡು, "ಅಣ್ಣಾ, ದೂರ ಸರಿ," ಎಂದಳು. ಅವರು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಬಗ್ಗಿ ಎರಡೂ ಅಂಗೈ ಕೂಡಿಸಿ ನನಗೆ ಮೆಟ್ಟಿಲು ಮಾಡಿಕೊಟ್ಟರು. ಅದರ ಮೇಲೆ ಕಾಲಿಟ್ಟು ಕಿಟಕಿಯಿಂದ ಒಳಗೆ ಹೋದೆ.

ಗ್ಯಾರೇಜಿನವರು ಜೀಪಿನಿಂದ ತಲೆ ಹೊರಗೆ ಹಾಕಿ ಹೇಳಿದರು: ಎರಡನೇ ಗೇರು, ಮೆಲ್ಲಗೆ, ಸ್ಟೇರಿಂಗ್ ಸ್ವಲ್ಪ ಆಚೆ ಈಚೆ ಆಡಿಸಿ, ಏನಾದರೂ ಆಗಲಿ ಜೋರಾಗಿ ತುಳಿಯಬೇಡಿ. ಬೆಲ್ಟು ನೆಟ್ಟಗಾಯಿತು. ನಾನು ಕ್ಲಚ್ ಬಿಟ್ಟೆ. ಗಾಡಿ ನಡುಗಿತು. ಹಲಗೆ ಕಿರ್ ಎಂದಿತು. ಮುಂದಿನ ಚಕ್ರ ಏನನ್ನೋ ಕಚ್ಚಿ ಹಿಡಿದದ್ದು ಸ್ಟೇರಿಂಗಿನಿಂದ ನನ್ನ ಮೊಣಕೈವರೆಗೆ ಬಂತು. ಕೆಸರು ನಮ್ಮನ್ನು ಬಿಡಲೊಲ್ಲೆ ಎಂಬಂತೆ ಹೀರಿತು, ಪಚಕ್ ಎಂದಿತು, ಬಿಟ್ಟುಬಿಟ್ಟಿತು.

"ಬಂತು! ವೈನಿ, ಬಂತು ಬಂತು ಬಂತು!" ನಾದಿನಿ ಡ್ಯಾಶ್‌ಬೋರ್ಡ್ ಬಡಿಯುತ್ತ ಕಿರುಚಿದಳು. ನಾನೂ ಕಿರುಚುತ್ತಿದ್ದೆ. ಏನೆಂದು ಕಿರುಚಿದೆನೋ ನೆನಪಿಲ್ಲ.

ಗಟ್ಟಿ ನೆಲಕ್ಕೆ ಬಂದು ನಿಂತೆವು. ಯಾರೋ ಬೆಲ್ಟು ಬಿಚ್ಚಿದರು. ಆದರೆ ನಿಂತರೆ ಮತ್ತೆಲ್ಲಿ ಇಳಿದೀತೋ ಎಂಬ ಭಯ ನನಗೆ. ಬೆಲ್ಟು ಬಿಚ್ಚಿದ್ದೇ ತಡ, ಗಾಡಿ ಬಿಟ್ಟೆ. ಎದುರಿಗೆ ಗುಡ್ಡದ ಏರು. ಏರಿಸಿದೆ. ಹಿಂದೆ ಎಲ್ಲರೂ ಕೂಗುತ್ತಿದ್ದರು, ಹುರಿದುಂಬಿಸುತ್ತಿದ್ದಾರೆಂದೇ ತಿಳಿದೆ. ಕಲ್ಲು ಹಾರಿಸುತ್ತ, ಎಗರುತ್ತ, ಗುಡ್ಡದ ನೆತ್ತಿಯವರೆಗೆ ಹೋಗಿ ನಿಂತೆ. ಅಲ್ಲಿ ಗಾಳಿ, ಮಂಜು, ಹುಲ್ಲು. ಕೆಳಗೆ ಗದ್ದೆಗಳು ನೀರು ತುಂಬಿ ಕನ್ನಡಿ ಜೋಡಿಸಿಟ್ಟ ಹಾಗೆ ಕಾಣುತ್ತಿದ್ದವು. ನಮ್ಮಿಬ್ಬರ ನಗು ನಿಲ್ಲುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ನನ್ನ ಗಂಡ ಏರು ಹತ್ತಿ ಬಂದರು, ನಡೆದುಕೊಂಡೇ. ತಲೆಯ ಮೇಲೆ ಮುರಿದ ಹಲಗೆಯ ಎರಡು ತುಂಡು. ಏದುಸಿರು.

"ಗಂಡನ್ನ ಕೆಸರಾಗ ಬಿಟ್ಟು ಬರ್ತಾರೇನು?"

"ಜೀಪಿನ್ಯಾಗ ಬರಬೇಕಿತ್ತಲ್ರಿ."

"ಅವರು ಕೂಡ್ಸಿಕೊಳ್ಳಲಿಲ್ಲ. ಸೀಟು ಹೊಲಸ ಆಗ್ತದಂತ!" ಎಂದು ಹೇಳುವಷ್ಟರಲ್ಲಿ ಅವರಿಗೂ ನಗು ಒಡೆಯಿತು.

ಬೆಲ್ಟು, ಜಾಕು ಎಲ್ಲ ತುಂಬಿಕೊಂಡು ಜೀಪುಗಳೂ ಬಂದವು. ಥರ್ಮಾಸಿನಿಂದ ಚಹಾ ಸುರಿದರು. ಕೆಸರು ಕೈಯಲ್ಲೇ ವಡಾಪಾವ್ ತಿಂದೆವು, ಹಲ್ಲಿಗೆ ಮರಳು ತಾಗುತ್ತಿತ್ತು. ಗ್ಯಾರೇಜಿನವರು ಪಂಪಿನಿಂದ ಟೈರಿಗೆ ಗಾಳಿ ಹೊಡೆಯಬಹುದೆಂದು ನಾನು ಕಾದೆ. ಅವರು ಪಂಪ್ ತೆಗೆಯಲೇ ಇಲ್ಲ.

"ಈಗಲೇ ಬೇಡ ವಹಿನಿ," ಎಂದರು ಚಹಾ ಹೀರುತ್ತ. "ಇಳಿಯಲು ದಾರಿ ಅದೊಂದೇ."

ಮಡುವಿನ ಹತ್ತಿರ ಬಂದು ಎಲ್ಲರೂ ಕೆಳಗಿಳಿದಾಗ ನಾನು ಕೀಲಿ ತೆಗೆದು ಗಂಡನ ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ. "ನೀನss ಹೊಡಿ. ಹಾದಿ ನಿನಗ ಗುರುತದ," ಎಂದು ನನ್ನ ಪಕ್ಕದಲ್ಲಿ ಹತ್ತಿ ಕೂತರು. ನಾದಿನಿ ಅವರನ್ನು ನಡುವಿಗೆ ತಳ್ಳಿ ಕಿಟಕಿಯ ಬದಿ ತಾನು ಕೂತಳು. ಹೋಗುವಾಗ ಎಡಕ್ಕಿದ್ದ ಗುಂಡಿ ಈಗ ಬಲಕ್ಕಿತ್ತು. ಎಡದಂಚಿನ ಹುಲ್ಲು ಹಿಡಿದು, ಎರಡನೇ ಗೇರಿನಲ್ಲಿ, ಒಂದೇ ಸಮನೆ ನಡೆಸಿದೆ. ನಡುವೆ ಒಮ್ಮೆ ಹಿಂಬದಿ ಜಾರಿತು. ಸ್ಟೇರಿಂಗ್ ಆಚೆ ಈಚೆ ಆಡಿಸಿದೆ, ಕಾಲು ಹಗುರವಾಗಿಯೇ ಇಟ್ಟೆ. ಕೆಸರು ಬಾನೆಟ್ ಮೇಲೆ ಹಾರಿ ಗಾಜನ್ನೆಲ್ಲ ಮುಚ್ಚಿತು. ವೈಪರ್ ಒರೆಸಿದಾಗ ಎದುರಿಗೆ ಗಟ್ಟಿ ನೆಲವಿತ್ತು.

ಪಕ್ಕಕ್ಕೆ ನೋಡಿದೆ. ನನ್ನ ಗಂಡ ಒಂದು ಕೈಯಲ್ಲಿ ಸೀಟಿನಂಚು, ಇನ್ನೊಂದರಲ್ಲಿ ತಂಗಿಯ ಭುಜ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು.

"ದಾಟಿದೇವೇನು?" ಎಂದರು ಕಣ್ಣು ತೆರೆಯದೆ.

"ಆಗಳೇ ದಾಟೀವಿ, ಅಣ್ಣಾ. ನನ್ನ ಭುಜ ಬಿಡು," ಎಂದಳು ನಾದಿನಿ.