ಗುಂಡುಸೂಜಿಗೆ ಸುತ್ತಿದ ಹಸಿರು ದಾರ

ಇದು ನಡೆದು ಎರಡು ವರ್ಷವಾಯಿತು. ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಿತ್ತು. ನಮ್ಮಂಥವರಿಗೆ ಅದೇ ಉಸಿರಾಡಲೂ ಬಿಡುವಿಲ್ಲದ ಕಾಲ. ಕಗ್ಗದಾಸಪುರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಬ್ಯಾಗು ಹೊಲಿಯುವ ಘಟಕವಿದೆ. ಒಂಬತ್ತು ಮಿಷಿನ್ನು, ಹನ್ನೊಂದು ಜನ ಹೆಂಗಸರು. ನಾವು ಹೊಲಿದ ಶಾಲಾ ಬ್ಯಾಗುಗಳಿಗೆ ಒಂದು ಕಂಪನಿಯವರು ತಮ್ಮ ಹೆಸರು ಹಚ್ಚಿ ಮಾರುತ್ತಾರೆ. ಶಾಲೆ ತೆರೆಯುವ ಮೊದಲು ಮಾಲು ಅವರ ಕೈ ಸೇರಬೇಕು.

ಹಿಂದಿನ ಎರಡು ವರ್ಷ ನಾನು ಹೇಳಿದ ದಿನಕ್ಕೆ ಮಾಲು ಕೊಟ್ಟಿರಲಿಲ್ಲ. ಆ ಸಲ ಕಂಪನಿಯವರು ಖಡಾಖಂಡಿತವಾಗಿ ಹೇಳಿಬಿಟ್ಟರು. "ಮೇಡಂ, ಈ ಸಲವೂ ತಡ ಆದ್ರೆ ಮುಂದಿನ ವರ್ಷ ನಮ್ಮನ್ನು ಕೇಳ್ಬೇಡಿ. ಹೊಲಿದುಕೊಡೋರು ಬೇಕಾದಷ್ಟು ಜನ ಇದ್ದಾರೆ."

ತಡವಾಗುವುದಕ್ಕೆ ಕಾರಣ ಯಾರೆಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ. ಅವಳ ಹೆಸರು ನಸೀಮಾ.

ನಸೀಮಾ ಶಿವಾಜಿನಗರದವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಬ್ಯಾಗಿನ ಹೆಗಲಪಟ್ಟಿ ಹೊಲಿಯುವುದು ಅವಳ ಕೆಲಸ. ಹೊಲಿಗೆ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂತಲ್ಲಿ ಕೂರುತ್ತಿರಲಿಲ್ಲ. ಬೆಳಿಗ್ಗೆ ಬಂದು, "ರೈಲ್ವೆ ಗೇಟ್ ಬಿದ್ದಿತ್ತು ಮೇಡಂ" ಅಂತ ಒಂದು ನೆಪ ಹೇಳಿ, ಮನೆಯಿಂದ ತಂದ ಹೂವಿನ ಕಸೂತಿಯ ಮೆತ್ತೆಯನ್ನು ಸ್ಟೂಲಿನ ಮೇಲೆ ಹಾಕಿಕೊಂಡು ಕೂತರೆ, ಅರ್ಧ ಗಂಟೆಯೊಳಗೆ ಎದ್ದಿರುತ್ತಿದ್ದಳು. ಯಾವಾಗ ತಲೆಯೆತ್ತಿ ನೋಡಿದರೂ ಆ ಮೆತ್ತೆ ಖಾಲಿ. "ಏನಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಅಂತ ನಾನು ಕೂಗುವುದು, ಅವಳು ಹಲ್ಲು ಕಿರಿಯುವುದು ದಿನನಿತ್ಯದ ಮಾತಾಗಿತ್ತು. ನಾನು ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಸಂತೆ ಬೀದಿಯ ಪಕ್ಕದ ಮನೆ. ನನ್ನ ಗಂಟಲು ಸ್ವಲ್ಪ ದೊಡ್ಡದು, ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ.

ಅದೂ ಅಲ್ಲದೆ ನಸೀಮಾ ಬಹಳ ಸೂಜಿ ಮುರಿಯುತ್ತಿದ್ದಳು. ಇಲ್ಲಿ ಸೂಜಿಯ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೂ ಕೆಲವು ವರ್ಷ ಮುಂಚೆ, ನಾವು ಹೊಲಿದ ಒಂದು ಬ್ಯಾಗಿನ ಹೆಗಲಪಟ್ಟಿಯೊಳಗೆ ಮುರಿದ ಸೂಜಿಯ ತುದಿ ಉಳಿದುಹೋಗಿ, ಒಂದು ಮಗುವಿನ ಭುಜಕ್ಕೆ ಚುಚ್ಚಿತ್ತು. ದೇವರ ದಯೆ, ಗೀರಿಗೇ ಮುಗಿಯಿತು. ಆದರೆ ಇಡೀ ಲೋಡು ವಾಪಸ್ಸು ಬಂತು. ಅವತ್ತಿನಿಂದ ನಾನು ಒಂದು ನಿಯಮ ಮಾಡಿದೆ. ಸೂಜಿಗಳೆಲ್ಲ ನನ್ನ ಕೋಣೆಯ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ನನ್ನ ಸೊಂಟದಲ್ಲಿ. ಸೂಜಿ ಮುರಿದರೆ ಎರಡೂ ತುಂಡುಗಳನ್ನು ತಂದು ನನ್ನ ಕೈಗೆ ಕೊಡಬೇಕು, ಆಗ ಮಾತ್ರ ಹೊಸ ಸೂಜಿ. ಕತ್ತರಿ, ದಾರದ ಉಂಡೆ, ಚಾಕ್‌ಪೀಸು ಕೂಡ ನಿಧಾನವಾಗಿ ಅದೇ ಬೀರುವಿಗೆ ಸೇರಿಕೊಂಡವು. ಯಾರಾದರೂ ಸೂಜಿ ಕೇಳಿಕೊಂಡು ಬಂದರೆ ನಾನು ಸುಮ್ಮನೆ ಕೊಡುತ್ತಿರಲಿಲ್ಲ. ಎರಡು ಮಾತು ಅಂದೇ ಕೊಡುತ್ತಿದ್ದೆ. ಆ ಎರಡು ಮಾತು ಇಡೀ ಹಾಲಿಗೆ ಕೇಳಿಸುತ್ತಿತ್ತು.

ಹಾಗೆ ಬರುವವರಲ್ಲಿ ಹತ್ತರಲ್ಲಿ ಏಳು ಸಲ ನಸೀಮಾಳೇ ಇರುತ್ತಿದ್ದಳು. ಆದ್ದರಿಂದ ಅವಳನ್ನು ಕೆಲಸದಿಂದ ಬಿಡಿಸುವುದೆಂದು ತೀರ್ಮಾನಿಸಿದೆ. ಅವಳ ಯಜಮಾನರು ಆಟೋ ಓಡಿಸುತ್ತಿದ್ದವರು, ಕಾಲಿನ ತೊಂದರೆಯಿಂದ ಮನೆಯಲ್ಲೇ ಇದ್ದರು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೀರ್ಮಾನಿಸಿದ್ದೆ. ಸೋಮವಾರದಿಂದ ಬಾ ಎಂದು ಇನ್ನೊಬ್ಬ ಹೆಂಗಸಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

ಅದೇ ವಾರ ಸರ್ಕಾರದ ಕಡೆಯಿಂದ ಗಿರೀಶ್ ಎನ್ನುವವರು ಬಂದರು. ಕೆಲವು ತಿಂಗಳ ಹಿಂದೆ ಕೆ.ಆರ್. ಪುರದಲ್ಲಿ ಸಣ್ಣ ಕೈಗಾರಿಕೆಯವರ ಒಂದು ಸಭೆ ಇತ್ತು. ಅಲ್ಲಿ ಒಬ್ಬ ಅಧಿಕಾರಿ, ಕೆಲಸದಲ್ಲಿ ಎಲ್ಲಿ ಸಮಯ ಪೋಲಾಗುತ್ತಿದೆ ಎಂದು ನೋಡಿ ಹೇಳುವ ತಜ್ಞರನ್ನು ಸರ್ಕಾರವೇ ಕಳಿಸುತ್ತದೆ, ಅವರ ಶುಲ್ಕದ ಹೆಚ್ಚಿನ ಭಾಗವನ್ನೂ ಸರ್ಕಾರವೇ ಕೊಡುತ್ತದೆ, ದೊಡ್ಡ ಕಾರ್ಖಾನೆಗಳ ಎದುರು ಚಿಕ್ಕವರು ನಿಲ್ಲಬೇಕಾದರೆ ಇದು ಬೇಕು ಎಂದೆಲ್ಲ ವಿವರಿಸಿದ್ದರು. ನಾನು ಮನೆಗೆ ಬಂದು ನಗಾಡಿದ್ದೆ. "ಸರ್ಕಾರದವ್ರು ಬಂದು ನಂಗೆ ಬ್ಯಾಗ್ ಹೊಲಿಯೋದು ಕಲಿಸ್ತಾರಂತೆ ಕಣ್ರೀ!" ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಬಂದ್ರೆ ಬರ್ಲಿ ಬಿಡೇ, ಒಂದು ಲೋಟ ಕಾಫಿ ತಾನೆ" ಅಂದಿದ್ದರು. ಕಾಫಿಯ ಲೆಕ್ಕದಲ್ಲೇ ಅರ್ಜಿ ಹಾಕಿದ್ದೆ.

ಗಿರೀಶ್ ಹುಬ್ಬಳ್ಳಿ ಕಡೆಯ ಯುವಕ. ತೆಳ್ಳಗೆ, ಮೆತ್ತಗಿನ ಮಾತು. ಬಂದವರೇ, "ಮೇಡಂ, ನಾ ಮೂರು ದಿನ ಒಂದು ಮೂಲ್ಯಾಗ ಕುಂತು ನೋಡತೇನ್ರಿ. ಯಾರಿಗೂ ಏನೂ ಅನ್ನಂಗಿಲ್ಲ. ನೀವೂ ನಾ ಇಲ್ಲ ಅಂತನ ತಿಳ್ಕೋರಿ" ಅಂದರು.

ನನಗೆ ಒಂದು ಯೋಚನೆ ಹೊಳೆಯಿತು. ಅವರನ್ನು ಕೋಣೆಗೆ ಕರೆದು, ನಸೀಮಾಳನ್ನು ಗಾಜಿನ ಕಿಟಕಿಯಿಂದಲೇ ತೋರಿಸಿದೆ. "ಆಕೆ ಮೇಲೆ ಒಂದು ಕಣ್ಣಿಡಿ. ದಿನಕ್ಕೆ ಎಷ್ಟು ಸಲ ಏಳ್ತಾಳೆ, ಎಲ್ಲೆಲ್ಲಿ ಓಡಾಡ್ತಾಳೆ, ಎಲ್ಲ ಬರ್ಕೊಳ್ಳಿ. ಶನಿವಾರ ಎಲ್ಲರ ಮುಂದೇನೇ ತೋರಿಸ್ಬೇಕು. ಆಮೇಲೆ ಸುಮ್ಸುಮ್ನೆ ತೆಗೆದುಹಾಕಿದ್ರು ಅಂತ ಯಾರೂ ನನ್ನ ಅನ್ನಬಾರದು."

ಅವರು ನನ್ನನ್ನು ಒಂದು ಗಳಿಗೆ ನೋಡಿ, "ಆತ್ರಿ" ಅಂದರು. ಅಷ್ಟೇ.

ಮಂಗಳ, ಬುಧ, ಗುರುವಾರ ಅವರು ಕತ್ತರಿಸುವ ಮೇಜಿನ ಹಿಂದೆ ಕೂತು ಏನೋ ಗೆರೆ ಎಳೆಯುತ್ತಲೇ ಇದ್ದರು. ಶುಕ್ರವಾರ ನಮ್ಮ ಕಸದ ಡಬ್ಬಿಯಿಂದ ಉಳಿದ ದಾರದ ಉಂಡೆಗಳನ್ನು ಆರಿಸಿಕೊಂಡು ಹೋದರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ದೊಡ್ಡ ಥರ್ಮಾಕೋಲ್ ಹಾಳೆಯನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಅದರ ಮೇಲೆ ನಮ್ಮ ಹಾಲಿನ ನಕ್ಷೆ. ಒಂದೊಂದು ಮಿಷಿನ್ನಿಗೆ ಒಂದೊಂದು ಗುಂಡುಸೂಜಿ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಯಾರು ಎಲ್ಲಿಂದ ಎಲ್ಲಿಗೆ ನಡೆದರೋ ಆ ಗುಂಡುಸೂಜಿಯಿಂದ ಈ ಗುಂಡುಸೂಜಿಗೆ ಅವರ ದಾರ. ನೋಡಲು ಹಕ್ಕಿಗೂಡಿನಂತಿತ್ತು. ಹೆಂಗಸರೆಲ್ಲ ನಗುತ್ತ, ತಮ್ಮ ಬಣ್ಣ ಯಾವುದೆಂದು ಹುಡುಕುತ್ತ ಸುತ್ತ ನಿಂತರು. ನಸೀಮಾ ಮಾತ್ರ ಹಿಂದೆ, ಗೋಡೆಗೊರಗಿ ನಿಂತಿದ್ದಳು.

ಎಲ್ಲಕ್ಕಿಂತ ಹೆಚ್ಚಿದ್ದದ್ದು ಹಸಿರು ದಾರ.

"ಹಸಿರು ಯಾರದ್ದು?" ಎಂದು ಗೊತ್ತಿದ್ದೂ ಕೇಳಿದೆ.

"ನಸೀಮಾ ಅಕ್ಕಾರದ್ರಿ."

"ನೋಡ್ರಮ್ಮಾ, ಎಲ್ಲರೂ ಸರಿಯಾಗಿ ನೋಡಿ. ನಾನು ಬಾಯಿ ಬಡ್ಕೊಂಡ್ರೆ ನಿಮಗೆಲ್ಲ ತಮಾಷೆ. ಈಗ ಕಣ್ಣಾರೆ ನೋಡಿ." ನನ್ನ ದನಿಯಲ್ಲಿದ್ದ ಗೆಲುವು ಈಗಲೂ ನನ್ನ ಕಿವಿಯಲ್ಲಿದೆ. ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

"ಸ್ವಲ್ಪ ತಡೀರಿ ಮೇಡಂ," ಅಂದರು ಗಿರೀಶ್. "ದಾರ ಎಲ್ಲಿಂದ ಎಲ್ಲಿಗೆ ಹೋಗೇತಿ ಹತ್ರ ಬಂದು ನೋಡ್ರಿ."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಹಸಿರು ದಾರ ನಸೀಮಾಳ ಮಿಷಿನ್ನಿನಿಂದ ಹೊರಟು ಮೊದಲು ಹೊಸದಾಗಿ ಸೇರಿದ್ದ ಸೆಲ್ವಿಯ ಗುಂಡುಸೂಜಿಗೆ ಹೋಗಿತ್ತು. ಅಲ್ಲಿಂದ ಒಂದು ಮೂಲೆಗೆ. ಆ ಮೂಲೆಯಿಂದ ಮತ್ತೆ ಸೆಲ್ವಿಯ ಹತ್ತಿರಕ್ಕೆ, ಆಮೇಲೆ ತನ್ನ ಜಾಗಕ್ಕೆ. ಇನ್ನೊಂದು ಸಲ ಲಕ್ಷ್ಮಿಯ ಮಿಷಿನ್ನಿಗೆ ಹೋಗಿ, ಅಲ್ಲಿಂದ ಅದೇ ಮೂಲೆಗೆ. ಒಬ್ಬರಾದ ಮೇಲೆ ಒಬ್ಬರು, ಎಲ್ಲರ ಹತ್ತಿರಕ್ಕೂ ಹೋಗಿ, ಪ್ರತಿ ಸಲವೂ ಅದೇ ಮೂಲೆಗೆ ಬಂದಿತ್ತು. ಆ ಮೂಲೆಯ ಗುಂಡುಸೂಜಿ ಕಾಣದಷ್ಟು ಹಸಿರು ದಾರ ಸುತ್ತಿಕೊಂಡಿತ್ತು.

"ಆ ಮೂಲ್ಯಾಗ ಇರೋದು ಏನು ಅಂತ ನೀವ ಹೇಳ್ರಿ ಮೇಡಂ."

ಕನ್ನಡಕ ತೆಗೆದೆ.

"ನನ್ನ ಬೀರು," ಅಂದೆ.

ಗಿರೀಶ್ ಮೆತ್ತಗೇ ಮುಂದುವರಿಸಿದರು. ಮೂರು ದಿನದಲ್ಲಿ ನಸೀಮಾಳ ಸೂಜಿ ಮುರಿದದ್ದು ಒಂದೇ ಸಲ. ಉಳಿದ ಸೂಜಿಗಳೆಲ್ಲ ಬೇರೆಯವರವು. ಆದರೆ ಕೇಳಲು ನನ್ನ ಹತ್ತಿರ ಬಂದವಳು ಅವಳು. ಸೂಜಿ ಮೊಂಡಾದರೂ ಬದಲಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ, ಮುರಿಯುವವರೆಗೂ ಅದರಲ್ಲೇ ಹೊಲಿಯುತ್ತಿದ್ದರು. ಹೊಲಿಗೆ ತಪ್ಪುತ್ತಿತ್ತು, ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. "ಬುಧವಾರ ನೀವು ಜಿಪ್ ತರಾಕ ಶಿವಾಜಿನಗರಕ್ಕ ಹೋಗಿದ್ರಲ್ರಿ, ಆವಾಗ ನಾಲ್ಕು ಮಿಷಿನ್ ನಿಂತಿದ್ವು. ಬೀಗದ ಕೈ ನಿಮ್ಮ ಸೊಂಟದಾಗ ಇತ್ತು."

ಆ ದಿನ ವಾಪಸ್ಸು ಬಂದು ನಾನು ಎಲ್ಲರನ್ನೂ, "ನಾನಿಲ್ಲ ಅಂದ್ರೆ ಹರಟೆ ಹೊಡ್ಕೊಂಡು ಕೂರ್ತೀರಾ?" ಅಂತ ಬೈದದ್ದು ನೆನಪಾಯಿತು. ಯಾರೊಬ್ಬರೂ ಎದುರು ಮಾತಾಡಿರಲಿಲ್ಲ.

"ಯಾಕ್ರೇ, ನೀವೇ ಬಂದು ಕೇಳೋದಕ್ಕೆ ಏನು?" ಅಂತ ಸೆಲ್ವಿಯನ್ನು ಕೇಳಿದೆ. ಸೆಲ್ವಿ ಮರ್ಫಿ ಟೌನಿನವಳು, ಎರಡು ಮಕ್ಕಳ ತಾಯಿ, ಸೇರಿ ಆರು ತಿಂಗಳಾಗಿತ್ತಷ್ಟೇ. ಸೆರಗಿನ ತುದಿ ಹಿಂಡುತ್ತ, "ಭಯ ಆಗತ್ತೆ ಮೇಡಂ. ನೀವು ಬೈದ್ರೆ ನಂಗೆ ಕೈ ಎಲ್ಲ ನಡುಗತ್ತೆ. ಅದಕ್ಕೇ ನಸೀಮಾ ಅಕ್ಕ, ನೀ ಕೂತ್ಕೋ, ನಾ ಹೋಗ್ತೀನಿ ಅಂತಾರೆ" ಅಂದಳು.

ಸರ್ಕಾರದ ಮನುಷ್ಯನನ್ನು ಕೂರಿಸಿಕೊಂಡು, ಎಲ್ಲರನ್ನೂ ಸೇರಿಸಿ, ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಂಡಿದ್ದೆ. ಕಾಫಿ ತರಿಸಿ ಅಂತ ಯಾರಿಗೋ ಹೇಳಿ ಕೋಣೆಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ನಸೀಮಾಳನ್ನು ಕರೆದೆ. ಬಂದು ಬಾಗಿಲ ಬಳಿ ನಿಂತಳು. ಅವಳ ಹೆಗಲಿಗೆ ಆಗಲೇ ಬ್ಯಾಗು ಇತ್ತು. ಮನೆಗೆ ಹೋಗಲು ಇನ್ನೂ ಎರಡು ಗಂಟೆ ಇತ್ತು. ಬ್ಯಾಗಿನ ಬಾಯಿಂದ ಹೂವಿನ ಕಸೂತಿಯ ಮೆತ್ತೆ ಇಣುಕುತ್ತಿತ್ತು. ಫೋನಿನಲ್ಲಿ ನಾನು ಇನ್ನೊಬ್ಬಳಿಗೆ ನಸೀಮಾಳ ಜಾಗಕ್ಕೆ ಬಾ ಅಂದದ್ದು ಹಾಲಿನಲ್ಲಿ ಎಲ್ಲರಿಗೂ ಕೇಳಿಸಿತ್ತು. ನನ್ನ ಗಂಟಲೇ ಅಂಥದ್ದಲ್ಲವೇ! ಅಂದರೆ ಆ ವಾರವೆಲ್ಲ ಅವಳು ತನ್ನ ಕೆಲಸ ಹೋಯಿತೆಂದು ತಿಳಿದೇ ಬಂದಿದ್ದಳು. ತಿಳಿದೇ, ಬೇರೆಯವರ ಮುರಿದ ಸೂಜಿ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ? ಈ ಸೂಜಿ ನಂದಲ್ಲ ಅಂತ ಒಂದು ಮಾತು ಅನ್ಬಾರದಾಗಿತ್ತಾ?"

"ಅಂದ್ರೆ ಯಾರದ್ದು ಅಂತ ಕೇಳ್ತೀರಿ. ಆಮೇಲೆ ಅವಳ್ಗೆ ಬೈತೀರಿ," ಅಂದಳು ನಸೀಮಾ. "ಚಿಕ್ಕವ್ರು ಮೇಡಂ, ಅಳ್ತಾರೆ. ಅಳ್ಕೊಂಡು ಹೊಲಿದ್ರೆ ಹೊಲಿಗೆ ಸೊಟ್ಟ ಬರತ್ತೆ. ಮತ್ತೆ ನಾನೇ ಬಿಚ್ಬೇಕು. ನಂಗೇನಾಗತ್ತೆ? ನಮ್ಮತ್ತೆ ಬೈದಿದ್ದಕ್ಕೆ ಹೋಲಿಸಿದ್ರೆ ನೀವು ಏನೂ ಅಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕೆಲಸದವರ ಮುಂದೆ ನಾನು ಅತ್ತದ್ದು ಅದೊಂದೇ ಸಲ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟು ದೊಡ್ಡ ಗಂಟಲಿನಲ್ಲಿ ಆ ಚಿಕ್ಕ ಮಾತು ಸಿಕ್ಕಿಹಾಕಿಕೊಂಡಿತು. ಕಡೆಗೆ, "ಆ ಮೆತ್ತೆ ಎಲ್ಲಿತ್ತೋ ಅಲ್ಲೇ ಇಡಿ. ಸೋಮವಾರ ಬನ್ನಿ" ಅಂದೆ.

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಿದಳು. ಆಮೇಲೆ, "ಗೇಟ್ ಬಿದ್ರೆ ಲೇಟಾಗತ್ತೆ ಮೇಡಂ" ಅಂತ ಹೇಳಿ ಮಿಷಿನ್ನಿಗೆ ಹೋಗಿ ಕೂತಳು. ಹೊಸಬಳಿಗೆ ಫೋನು ಮಾಡಿ ಸದ್ಯಕ್ಕೆ ಬೇಡಮ್ಮ ಅಂದೆ. ಆಕೆ ಚೆನ್ನಾಗಿ ಬೈದಳು, ಬೈಸಿಕೊಂಡೆ.

ಗಿರೀಶ್ ನನ್ನ ನಿಯಮ ತಪ್ಪು ಅನ್ನಲಿಲ್ಲ. ಮುರಿದ ಸೂಜಿಯ ಎರಡೂ ತುಂಡು ಸಿಗಲೇಬೇಕು, ಅದರಲ್ಲಿ ರಾಜಿ ಇಲ್ಲ ಅಂದರು. ತಪ್ಪಿದ್ದದ್ದು ಬೀಗ ಮತ್ತು ನನ್ನ ಬಾಯಿ. ಎರಡನೆಯದನ್ನು ಅವರು ಹೇಳಲಿಲ್ಲ, ನಾನೇ ಸೇರಿಸಿಕೊಂಡೆ. ಬೀರುವಿನ ಬೀಗ ತೆಗೆದು ಅದನ್ನು ಹಾಲಿನ ನಡುವೆ ತಂದಿಟ್ಟೆವು. ಪ್ರತಿ ಮಿಷಿನ್ನಿನ ಪಕ್ಕ ಹೊಸ ಸೂಜಿಗಳ ಒಂದು ಡಬ್ಬಿ, ಒಂದು ರಟ್ಟು. ಸೂಜಿ ಮುರಿದರೆ ತುಂಡುಗಳನ್ನು ಹುಡುಕಿ ರಟ್ಟಿಗೆ ಟೇಪಿನಿಂದ ಅಂಟಿಸಿ ತಾವೇ ಹೊಸದು ಹಾಕಿಕೊಳ್ಳಬೇಕು. ಸಂಜೆ ಎಲ್ಲ ರಟ್ಟುಗಳನ್ನು ನೋಡುವವಳು ನಸೀಮಾ. ದಪ್ಪ ಪಟ್ಟಿಗೆ ನಾವು ಬಳಸುತ್ತಿದ್ದ ಸೂಜಿಯೇ ತೆಳುವಾಗಿತ್ತೆಂದು ಆಮೇಲೆ ತಿಳಿಯಿತು. ಹಾಗೆಂದು ಸೆಲ್ವಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನನಗೆ ಹೇಳುವವರು ಯಾರು?

ಆ ವರ್ಷ ಮಾಲು ಹೇಳಿದ ದಿನಕ್ಕೆ ಹೋಯಿತು. ಕಂಪನಿಯವರು ಈಗಲೂ ನಮಗೇ ಕೆಲಸ ಕೊಡುತ್ತಿದ್ದಾರೆ.

ವರ್ಷಗಟ್ಟಲೆ ಉಪಯೋಗಿಸದ ಸಾಮಾನನ್ನು ಇಟ್ಟುಕೊಳ್ಳಬಾರದು ಎನ್ನುವುದು ಗಿರೀಶ್ ಕಲಿಸಿದ ಇನ್ನೊಂದು ಪಾಠ. ಅದನ್ನು ಪಾಲಿಸಿ ಎರಡು ಗಾಡಿ ಸಾಮಾನು ಗುಜರಿಗೆ ಹಾಕಿದ್ದೇನೆ. ಆ ಥರ್ಮಾಕೋಲ್ ಹಾಳೆಯೊಂದನ್ನು ಮಾತ್ರ ಹಾಕಿಲ್ಲ. ನನ್ನ ಕುರ್ಚಿಯ ಎದುರಿಗೇ ಇದೆ. ಯಾರ ಮೇಲಾದರೂ ಕೂಗಬೇಕೆಂದು ಬಾಯಿ ತೆರೆದಾಗ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಕೂಗುವುದು ಪೂರ್ತಿ ನಿಂತಿದೆ ಎಂದರೆ ಸುಳ್ಳಾಗುತ್ತದೆ.

ಹಳೆಯ ಚಾಳಿ. ಯಾರಾದರೂ ದಾರಕ್ಕೋ ಕತ್ತರಿಗೋ ಎದ್ದು ಬೀರುವಿನ ಕಡೆ ನಡೆದರೆ ಇವತ್ತಿಗೂ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗಿ ಬೀಗದ ಕೈ ಹುಡುಕುತ್ತದೆ. ಆಗ ಹಾಲಿನ ಆ ತುದಿಯಿಂದ, ಮೆತ್ತೆಯ ಮೇಲಿಂದ ಏಳದೆಯೇ, ನಸೀಮಾ ಕೂಗುತ್ತಾಳೆ.

"ಮೇಡಂ, ನೀವು ಕೂತ್ಕೊಳ್ಳಿ. ಬೀರು ತೆಗೆದೇ ಇದೆ."