ಒತ್ತೆ ಇಟ್ಟ ಎಟಿಎಂ ಕಾರ್ಡು

ಸಂಬಳದ ದಿನ ಕೂಕಟ್‌ಪಲ್ಲಿಯ ನಮ್ಮ ಬ್ಯಾಂಕಿನ ಎಟಿಎಂನಲ್ಲಿ ಒಬ್ಬ ಬಡ್ಡಿ ವ್ಯಾಪಾರಿ, ರಬ್ಬರ್‌ಬ್ಯಾಂಡ್ ಹಾಕಿದ ಕಟ್ಟಿನಿಂದ ಒಂದೊಂದೇ ಕಾರ್ಡು ತೆಗೆದು ಯಂತ್ರಕ್ಕೆ ಹಾಕುತ್ತಿದ್ದ. ಗಾಜಿನಾಚೆ ಅವನನ್ನೇ ನೋಡುತ್ತ ಹೆಂಗಸೊಬ್ಬಳು ನನ್ನ ಕೌಂಟರಿಗೆ ಬಂದಳು. ಯಾದಗಿರಿ ಕಡೆಯವಳು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನೆಲ ಒರೆಸುವ ಕೆಲಸ. ಆ ತೆಲುಗು ಊರಿನಲ್ಲಿ ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಎಲ್ಲ ಹೇಳಿದಳು.

“ಸಾಲ ತೀರಿ ಮೂರು ತಿಂಗಳಾತ್ರಿ ಅಕ್ಕಾರ. ಆದ್ರೂ ನನ್ನ ಪಗಾರದಾಗ ರೊಕ್ಕ ತಗೀತಾನ. ಕಾರ್ಡ್ ಒತ್ತಿ ಇಟ್ಟೀನಲ್ಲ, ಅವ ವಾಪಸ್ ಕೊಡೋತನಕ ಏನೂ ಮಾಡಾಕ ಬರಂಗಿಲ್ಲ ಅಲ್ರಿ?”

ಬಂಗಾರ ಒತ್ತೆ ಇಟ್ಟು ಬಿಡಿಸಿಕೊಂಡು ಗೊತ್ತಿದ್ದವಳು, ಕಾರ್ಡನ್ನೂ ಹಾಗೆಯೇ ತಿಳಿದಿದ್ದಳು.

“ಅದು ಬಂಗಾರ ಅಲ್ಲವ್ವ, ಬರೇ ಕೀಲಿಕೈ. ಅವನ ಹತ್ರಾನೇ ಇರಲಿ ಬಿಡು. ನಾವು ಬಾಗಿಲಿನ ಕೀಲೀನ ಬದಲಿ ಮಾಡೋಣು,” ಎಂದೆ.

ಪಾಸ್‌ಬುಕ್ಕಿನ ಫೋಟೊ ನೋಡಿ ಹಳೆಯ ಕಾರ್ಡು ಬಂದ್ ಮಾಡಿಸಿದೆ, ಹೊಸದಕ್ಕೆ ಅರ್ಜಿ ತುಂಬಿಕೊಟ್ಟೆ. ಆತ ಇನ್ನೂ ತೆಗೆದಿರದ ಆ ತಿಂಗಳ ಸಂಬಳವನ್ನು ಅವಳು ಹಣ ಪಡೆಯುವ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿ ಪಡೆದಳು. ಹೊರಗೆ ಆತ ಒಂದು ಕಾರ್ಡನ್ನು ಅಂಗಿಗೆ ಒರೆಸಿ ಒರೆಸಿ ಮತ್ತೆ ಯಂತ್ರಕ್ಕೆ ಹಾಕುತ್ತಿದ್ದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮುಂದಿನ ಸಂಬಳಕ್ಕೆ ಮೊದಲೇ ನಾಲ್ವರು ಗೆಳತಿಯರನ್ನು ಕರೆತಂದಳು. “ಇವರ ಕೀಲೀನೂ ಬದಲಿ ಮಾಡ್ರಿ,” ಎಂದಳು.

ಅದುವರೆಗೆ ನೂರಾರು ಜನಕ್ಕೆ ಕಾರ್ಡು ಕೊಟ್ಟು, ಯಾವ ಗುಂಡಿ ಒತ್ತಬೇಕೆಂದು ಹೇಳಿದ್ದೆ. ಕಾರ್ಡು ಯಾರ ಕೈಯಲ್ಲಿದ್ದರೂ ಖಾತೆ ನಿಮ್ಮದೇ ಎಂದು ಒಬ್ಬರಿಗೂ ಹೇಳಿರಲಿಲ್ಲ. ಈಗ ಮೊದಲು ಹೇಳುವುದೇ ಅದನ್ನು.